ಡಿಸಿಎಸ್ ವರ್ಲ್ಡ್: ತರಬೇತಿ ಮಿಷನ್‌ಗಳಲ್ಲಿ ಸಿಕ್ಕಿಕೊಳ್ಳದೆ ಯುದ್ಧವಿಮಾನ ಕಲಿಯುವ ಕ್ರಮ

ಯುದ್ಧವಿಮಾನ ಹಾರಿಸುವ ಕಂಪ್ಯೂಟರ್ ಆಟ ಡಿಸಿಎಸ್ ವರ್ಲ್ಡ್ ಇಳಿಸಿಕೊಂಡವರಲ್ಲಿ ಅನೇಕರು ಒಂದೇ ಜಾಗದಲ್ಲಿ ನಿಂತುಬಿಡುತ್ತಾರೆ. ತರಬೇತಿ ಮಿಷನ್ (ಆಟದೊಳಗಿನ ಹಾರಾಟದ ಪಾಠ) ತೆರೆಯುತ್ತಾರೆ, ತರಬೇತುದಾರ ಎರಡು ಮಾತು ಹೇಳುತ್ತಾನೆ, ಆಮೇಲೆ ಏನೂ ನಡೆಯುವುದಿಲ್ಲ. ಅಥವಾ ವಿಮಾನ ರನ್‌ವೇ ಬಿಟ್ಟು ಹುಲ್ಲಿಗೆ ನುಗ್ಗುತ್ತದೆ. ಇದು ನಮ್ಮ ಕೈಲಾಗುವ ಆಟವಲ್ಲ ಎಂದು ಮುಚ್ಚಿಡುತ್ತಾರೆ. ತಪ್ಪು ಸಾಮಾನ್ಯವಾಗಿ ಹಾರಾಟದಲ್ಲಿರುವುದಿಲ್ಲ. ಮಿಷನ್ ತೆರೆಯುವ ಮೊದಲು ಮಾಡಬೇಕಾದ ಅರ್ಧ ಗಂಟೆಯ ಕೆಲಸ ಬಿಟ್ಟುಹೋಗಿರುತ್ತದೆ. ಜೊತೆಗೆ, ಪಾಠವನ್ನು ಸಿನಿಮಾ ನೋಡಿದಂತೆ ನೋಡಿ ಮುಂದಿನದಕ್ಕೆ ಹೋಗಿರುತ್ತಾರೆ.

ಇಲ್ಲಿ ಬಳಸುವ ಎರಡೂ ವಿಮಾನಗಳು ಉಚಿತ: ನೆಲದ ಗುರಿಗಳ ಮೇಲೆ ದಾಳಿ ಮಾಡುವ ಜೆಟ್ ಸು-25ಟಿ, ಮತ್ತು ಆಯುಧವಿಲ್ಲದ ಪ್ರೊಪೆಲ್ಲರ್ ವಿಮಾನ ಟಿಎಫ್-51ಡಿ ಮಸ್ಟ್ಯಾಂಗ್. ಕಾಕಸಸ್ ನಕ್ಷೆಯೂ ಉಚಿತ. ಪಟ್ಟಿಯಲ್ಲಿ ವಿಮಾನ ಕಾಣದಿದ್ದರೆ ಮಾಡ್ಯೂಲ್ ಮ್ಯಾನೇಜರ್ ತೆರೆದು ಅಲ್ಲಿಂದ ಸೇರಿಸಿಕೊಳ್ಳಿ. ಇವೆರಡು ಕೈಗೆ ಹತ್ತುವವರೆಗೆ ದುಡ್ಡು ಕೊಟ್ಟು ಯಾವ ವಿಮಾನವನ್ನೂ ಕೊಳ್ಳಬೇಡಿ.

## ಬೇಕಾಗುವ ಸಾಮಾನು

ಜಾಯ್‌ಸ್ಟಿಕ್. ಹಿಡಿಯನ್ನು ಎಡ-ಬಲಕ್ಕೆ ತಿರುಚಲು ಬರುವಂಥದ್ದು, ಬುಡದಲ್ಲಿ ಥ್ರಾಟಲ್ ಪಟ್ಟಿ (ಎಂಜಿನ್ ಶಕ್ತಿ ಏರಿಸಿ ಇಳಿಸುವುದು) ಇರುವಂಥದ್ದು ಸಾಕು. ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೊ, ಥ್ರಸ್ಟ್‌ಮಾಸ್ಟರ್ ಟಿ.16000ಎಂ ಈ ವರ್ಗದವು. ತಿರುಚುವ ಹಿಡಿಯೇ ರಡ್ಡರ್‌ನ (ಮೂತಿಯನ್ನು ಎಡ-ಬಲಕ್ಕೆ ತಿರುಗಿಸುವ ಬಾಲದ ಹಲಗೆ) ಕೆಲಸ ಮಾಡುತ್ತದೆ. ಮಸ್ಟ್ಯಾಂಗ್‌ಗೆ ರಡ್ಡರ್ ಇಲ್ಲದೆ ನಡೆಯುವುದೇ ಇಲ್ಲ. ಕೀಬೋರ್ಡ್ ಮಾತ್ರದಿಂದ ಕಲಿಯಲು ಹೊರಡಬೇಡಿ.

ಪೂರ್ಣ ಗಾತ್ರದ ಕೀಬೋರ್ಡ್. ಇದನ್ನು ಯಾರೂ ಹೇಳುವುದಿಲ್ಲ, ಆದರೆ ಲ್ಯಾಪ್‌ಟಾಪ್‌ನಲ್ಲಿ ಕಲಿಯುವವರು ಸೋಲುವುದು ಇಲ್ಲೇ. ಪಾಠಗಳಲ್ಲಿ ಬಲಗಡೆಯ ಕಂಟ್ರೋಲ್, ಬಲಗಡೆಯ ಆಲ್ಟ್, ಹೋಮ್, ಪಾಸ್ (Pause), ನಂಬರ್ ಪ್ಯಾಡ್ ಎಲ್ಲವೂ ಬೇಕು. ಎಡ ಮತ್ತು ಬಲ ಕಂಟ್ರೋಲ್‌ಗಳನ್ನು ಡಿಸಿಎಸ್ ಬೇರೆ ಬೇರೆ ಕೀ ಎಂದೇ ಎಣಿಸುತ್ತದೆ. ಯುಎಸ್‌ಬಿಯ ಸಾಧಾರಣ ಕೀಬೋರ್ಡ್ ಒಂದನ್ನು ತಂದು ಚುಚ್ಚಿ.

ಕಂಪ್ಯೂಟರ್. 16 ಜಿಬಿ ರ್‍ಯಾಮ್‌ಗಿಂತ ಕಡಿಮೆ ಇದ್ದರೆ ಕಷ್ಟ. ಆಟವನ್ನು ಎಸ್‌ಎಸ್‌ಡಿ ಮೇಲೆಯೇ ಹಾಕಿ. ಚಿತ್ರ ತಡೆದು ತಡೆದು ಬಂದರೆ ಮೊದಲು ನೆರಳು ಮತ್ತು ಗೋಚರ ದೂರದ ಮಟ್ಟವನ್ನು ಇಳಿಸಿ. ಇಳಿಯುವ ಕೊನೆಯ ಕ್ಷಣದಲ್ಲಿ ಚಿತ್ರ ತಡೆದರೆ ಎಷ್ಟು ಅಭ್ಯಾಸ ಮಾಡಿದರೂ ಪ್ರಯೋಜನವಿಲ್ಲ.

ಒಂದು ನೋಟ್‌ಬುಕ್. ಕಾಗದದ್ದೇ ಆಗಬೇಕು. ಯಾಕೆಂದು ಐದನೇ ಹಂತದಲ್ಲಿ ಬರುತ್ತದೆ.

## ಹಂತ 1: ಕೀಬೋರ್ಡಿನ ಭಾಷೆ ಸರಿಪಡಿಸಿ

ಕನ್ನಡದಲ್ಲಿ ಟೈಪ್ ಮಾಡುವ ನಮಗೆಲ್ಲ ಇದು ಬೇರೆಯದೇ ತೊಡಕು. ವಿಂಡೋಸ್‌ನಲ್ಲಿ ಇಂಗ್ಲಿಷಿನ ಜೊತೆ ಕನ್ನಡ ಕೀಲಿಮಣೆಯೂ ಇದ್ದರೆ, ಎಡ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದಾಗ ಭಾಷೆ ಬದಲಾಗುವ ವ್ಯವಸ್ಥೆ ಚಾಲೂ ಇರಬಹುದು. ಆಟದಲ್ಲಿ ಆಲ್ಟ್, ಶಿಫ್ಟ್ ಸೇರಿದ ಜೋಡಣೆಗಳು ಬಹಳ. ಹಾರಾಟದ ನಡುವೆ ಭಾಷೆ ಹೊರಳಿದರೆ ನಿಮಗೆ ಗೊತ್ತೇ ಆಗದೆ ಕೆಲವು ಕೀಗಳು ಬೇರೆ ರೀತಿ ವರ್ತಿಸತೊಡಗುತ್ತವೆ.

ಆಟ ತೆರೆಯುವ ಮುನ್ನ ಇಂಗ್ಲಿಷ್ ಕೀಲಿಮಣೆಗೆ ಬನ್ನಿ. ನುಡಿ, ಬರಹದಂಥ ತಂತ್ರಾಂಶ ಹಿನ್ನೆಲೆಯಲ್ಲಿ ಓಡುತ್ತಿದ್ದರೆ ಪೂರ್ತಿ ಮುಚ್ಚಿ. ವಿಂಡೋಸ್‌ನ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಭಾಷೆ ಬದಲಿಸುವ ಆ ಶಾರ್ಟ್‌ಕಟ್ ತೆಗೆದುಬಿಡುವುದು ಇನ್ನೂ ಒಳ್ಳೆಯದು.

## ಹಂತ 2: ಆಟದ ಆಯ್ಕೆಗಳು

ಆಯ್ಕೆಗಳ ಪುಟದಲ್ಲಿ ನಾಲ್ಕು ಸಂಗತಿ ನೋಡಿ.

ಗೇಮ್‌ಪ್ಲೇ ವಿಭಾಗದಲ್ಲಿ ‘ಗೇಮ್ ಫ್ಲೈಟ್ ಮೋಡ್’ ಮತ್ತು ‘ಗೇಮ್ ಏವಿಯಾನಿಕ್ಸ್ ಮೋಡ್’ ಎರಡೂ ಆಫ್ ಇರಬೇಕು. ಇವು ಆನ್ ಇದ್ದರೆ ವಿಮಾನ ಸುಲಭವಾಗಿ ಹಾರುತ್ತದೆ, ಕೀಗಳು ಮಾತ್ರ ಪಾಠದಲ್ಲಿ ಹೇಳಿದವುಗಳಿಗೆ ಹೊಂದುವುದಿಲ್ಲ.

ಇತರ ಆಯ್ಕೆಗಳ ವಿಭಾಗದಲ್ಲಿ ‘ಫೋರ್ಸ್ ಫೀಡ್‌ಬ್ಯಾಕ್’ ಗುರುತು ತೆಗೆಯಿರಿ. ನಿಮ್ಮ ಜಾಯ್‌ಸ್ಟಿಕ್‌ನಲ್ಲಿ ಮೋಟಾರು ಇಲ್ಲದಿದ್ದರೆ ಅದರಿಂದ ಟ್ರಿಮ್ (ಹಿಡಿ ಒತ್ತಿ ಹಿಡಿಯದೆಯೇ ವಿಮಾನ ನೇರ ಸಾಗುವಂತೆ ಮಾಡುವ ಹೊಂದಾಣಿಕೆ) ಗೊಂದಲವಾಗುತ್ತದೆ.

ವಿಶೇಷ ಆಯ್ಕೆಗಳಲ್ಲಿ ಟಿಎಫ್-51ಡಿ ಪುಟಕ್ಕೆ ಹೋಗಿ. ಅಲ್ಲಿ ಆಟೋ ರಡ್ಡರ್ ಮತ್ತು ಟೇಕಾಫ್ ಸಹಾಯ ಎಂಬ ಎರಡು ಊರುಗೋಲುಗಳಿವೆ. ಮೊದಲ ಮೂರ್ನಾಲ್ಕು ಟೇಕಾಫ್‌ಗೆ ಸಹಾಯ ಇರಲಿ, ಆಮೇಲೆ ಸೊನ್ನೆಗೆ ಇಳಿಸಿ. ಆಟೋ ರಡ್ಡರ್ ಮೊದಲ ದಿನದಿಂದಲೇ ಬೇಡ. ಕಾಲಿನ ಕೆಲಸವನ್ನು ಅದು ಕಲಿಸುವುದೇ ಇಲ್ಲ.

ನಾಲ್ಕನೆಯದು, ವಿಮಾನಕ್ಕೆ ಏನೂ ಆಗದಂತೆ ಕಾಯುವ ಆಯ್ಕೆಯನ್ನು ಆಫ್ ಮಾಡಿ. ಚಕ್ರ ಮುರಿಯುವಷ್ಟು ಜೋರಾಗಿ ಇಳಿದಿರಿ ಎಂದು ತಿಳಿಯುವುದೂ ಪಾಠವೇ.

## ಹಂತ 3: ಆಕ್ಸಿಸ್ ಜೋಡಣೆ

ಮಾರ್ಗದರ್ಶಿಯಲ್ಲಿ ಅತಿ ಮುಖ್ಯವಾದ ಹಂತ ಇದು. ಅವಸರ ಬೇಡ.

ಡಿಸಿಎಸ್‌ನಲ್ಲಿ ಪ್ರತಿ ವಿಮಾನಕ್ಕೂ ಪ್ರತ್ಯೇಕ ಕಂಟ್ರೋಲ್ ಪಟ್ಟಿ ಇದೆ. ಸು-25ಟಿಗೆ ಮಾಡಿದ ಜೋಡಣೆ ಮಸ್ಟ್ಯಾಂಗ್‌ಗೆ ಬರುವುದಿಲ್ಲ. ಎಡ ಮೇಲಿನ ಪಟ್ಟಿಯಿಂದ ವಿಮಾನ ಆರಿಸಿ, ಪಕ್ಕದ ವರ್ಗದಲ್ಲಿ ‘ಆಕ್ಸಿಸ್ ಕಮಾಂಡ್ಸ್’ ಆರಿಸಿ. ಆಕ್ಸಿಸ್ ಎಂದರೆ ಹಿಡಿ ಅಥವಾ ಪಟ್ಟಿ ಓಡಾಡುವ ಒಂದೊಂದು ದಿಕ್ಕು. ಪಿಚ್ (ಮೂತಿ ಮೇಲೆ-ಕೆಳಗೆ), ರೋಲ್ (ಎಡ-ಬಲಕ್ಕೆ ವಾಲುವುದು), ರಡ್ಡರ್, ಥ್ರಸ್ಟ್ (ಥ್ರಾಟಲ್) ಎಂಬ ನಾಲ್ಕು ಸಾಲು ಹುಡುಕಿ.

ಹೊಸ ಸಾಧನ ಚುಚ್ಚಿದೊಡನೆ ಡಿಸಿಎಸ್ ತಾನೇ ಅದರ ಆಕ್ಸಿಸ್‌ಗಳನ್ನು ಪಿಚ್, ರೋಲ್‌ಗಳಿಗೆ ಅಂಟಿಸಿಬಿಡುತ್ತದೆ. ಬೇರೆ ಥ್ರಾಟಲ್ ಪೆಟ್ಟಿಗೆ, ಪೆಡಲ್ ಅಥವಾ ಗೇಮ್‌ಪ್ಯಾಡ್ ಇದ್ದರೆ ಅದಕ್ಕೂ ಹಾಗೇ ಮಾಡುತ್ತದೆ. ಆಗ ಒಂದೇ ಪಿಚ್‌ಗೆ ಎರಡು ಸಾಧನ ಆಜ್ಞೆ ಕೊಡುತ್ತವೆ. ಥ್ರಾಟಲ್ ಮುಂದಕ್ಕೆ ತಳ್ಳಿದರೆ ಮೂತಿ ನೆಲಕ್ಕೆ ಬಗ್ಗುವುದು, ಟೇಕಾಫ್ ಆದೊಡನೆ ವಿಮಾನ ಮಗುಚುವುದು ಈ ಕಾರಣಕ್ಕೆ. ಪ್ರತಿ ಸಾಲಿನಲ್ಲೂ ಒಂದೇ ಒಂದು ಸಾಧನ ಉಳಿಯುವಂತೆ ಮಿಕ್ಕ ಕೋಶಗಳನ್ನು ಖಾಲಿ ಮಾಡಿ.

ಕೀಬೋರ್ಡ್ ಕಾಲಮ್ ಮಾತ್ರ ಮುಟ್ಟಬೇಡಿ. ತರಬೇತುದಾರ ಹೇಳುವುದು ಮೂಲ ಕೀಗಳನ್ನೇ. ಅದನ್ನು ಅಳಿಸಿದರೆ ಅವನ ಮಾತಿಗೂ ನಿಮ್ಮ ಕೀಬೋರ್ಡಿಗೂ ಸಂಬಂಧ ತಪ್ಪುತ್ತದೆ.

ಈಗ ಆಕ್ಸಿಸ್ ಟ್ಯೂನ್ ತೆರೆಯಿರಿ. ಪಿಚ್, ರೋಲ್ ಎರಡಕ್ಕೂ ಕರ್ವ್ 15ರಿಂದ 20 ಕೊಡಿ. ಮಧ್ಯದಲ್ಲಿ ಹಿಡಿ ಮೃದುವಾಗುತ್ತದೆ. ತಿರುಚುವ ಹಿಡಿ ತಾನಾಗಿ ನಡುಗುತ್ತಿದ್ದರೆ ರಡ್ಡರ್‌ಗೆ 4-5 ಡೆಡ್‌ಝೋನ್ (ಸಣ್ಣ ಅಲುಗಾಟವನ್ನು ಲೆಕ್ಕಿಸದ ಜಾಗ) ಸಾಕು. ಥ್ರಾಟಲ್ ಉಲ್ಟಾ ಇದ್ದರೆ ಇನ್ವರ್ಟ್ ಗುರುತು ಹಾಕಿ.

ಪರೀಕ್ಷೆ ಹೀಗೆ: ಯಾವುದಾದರೂ ಮಿಷನ್‌ಗೆ ಹೋಗಿ ಬಲ ಕಂಟ್ರೋಲ್ + ಎಂಟರ್ ಒತ್ತಿ. ಪರದೆಯ ಮೇಲೆ ಸಣ್ಣ ಕೆಂಪು ಚೌಕಟ್ಟು ಬರುತ್ತದೆ. ಹಿಡಿ ಅಲುಗಾಡಿಸಿದಂತೆ ಅದರೊಳಗಿನ ಗುರುತು ಓಡಾಡಬೇಕು, ಕೈ ಬಿಟ್ಟರೆ ನಡುವೆ ನಿಲ್ಲಬೇಕು. ಥ್ರಾಟಲ್ ಮುಟ್ಟಿದಾಗ ಅದು ಕದಲಿದರೆ ಇನ್ನೂ ಎಲ್ಲೋ ಜೋಡಿ ಉಳಿದಿದೆ ಎಂದರ್ಥ. ಈ ಚೌಕಟ್ಟನ್ನು ಮೊದಲ ಹತ್ತು ಪಾಠ ಮುಗಿಯುವವರೆಗೆ ತೆರೆದೇ ಇಡಿ.

ಎಲ್ಲ ಸರಿಯಾದ ಮೇಲೆ ‘ಸೇವ್ಡ್ ಗೇಮ್ಸ್’ ಒಳಗಿನ ‘ಡಿಸಿಎಸ್’, ಅದರೊಳಗೆ ‘ಕಾನ್ಫಿಗ್’, ಅದರೊಳಗಿನ ‘ಇನ್‌ಪುಟ್’ ಫೋಲ್ಡರನ್ನು ಬೇರೆಡೆ ನಕಲು ಮಾಡಿಡಿ. ಜಾಯ್‌ಸ್ಟಿಕ್‌ಗೆ ಯಾವಾಗಲೂ ಒಂದೇ ಯುಎಸ್‌ಬಿ ಕಿಂಡಿ ಬಳಸಿ. ಕಿಂಡಿ ಬದಲಾದರೆ ಹೊಸ ಸಾಧನವೆಂದು ಎಣಿಸಿ ಜೋಡಣೆ ಕಳೆದುಹೋಗುವುದುಂಟು.

## ಹಂತ 4: ಮಿಷನ್ ಹೇಗೆ ಯೋಚಿಸುತ್ತದೆ

ತರಬೇತಿ ಮಿಷನ್ ಎಂದರೆ ಒಂದರ ಹಿಂದೆ ಒಂದು ಪೋಣಿಸಿದ ಷರತ್ತುಗಳ ಸರ. ಒಂದು ಸ್ವಿಚ್ ಸರಿಯಾದ ಸ್ಥಾನಕ್ಕೆ ಬಂತೇ, ಎತ್ತರ ಮುಟ್ಟಿತೇ, ವೇಗ ಮಿತಿಯೊಳಗಿದೆಯೇ, ಸ್ಪೇಸ್ ಬಾರ್ ಒತ್ತಿದಿರಾ ಎಂದು ಕಾಯುತ್ತದೆ. ಷರತ್ತು ಪೂರೈಸದೆ ಮುಂದಿನ ಮಾತು ಬರುವುದಿಲ್ಲ. ತರಬೇತುದಾರನಿಗೆ ಕಣ್ಣಿಲ್ಲ. ನೀವು ಸಿಕ್ಕಿಕೊಂಡದ್ದು ಅವನಿಗೆ ಕಾಣುವುದಿಲ್ಲ.

ಮಾತು ನಿಂತುಹೋದಾಗ ಈ ಕ್ರಮದಲ್ಲಿ ನೋಡಿ:

1. ಪರದೆಯ ಬರಹದಲ್ಲಿ ಮುಂದುವರಿಯಲು ಸ್ಪೇಸ್ ಬಾರ್ ಒತ್ತಿ ಎಂದಿದೆಯೇ? ಸಿಕ್ಕಿಕೊಳ್ಳುವವರಲ್ಲಿ ಅರ್ಧ ಜನ ಇಲ್ಲೇ. ಆಯುಧದ ಪಾಠಗಳಲ್ಲಿ ಮಾತ್ರ ಎಚ್ಚರ, ಅಲ್ಲಿ ಸ್ಪೇಸ್ ಬಾರ್ ಗುಂಡು ಹಾರಿಸುವ ಕೀ ಕೂಡ.
2. ಕಾಕ್‌ಪಿಟ್‌ನಲ್ಲಿ ಯಾವುದಾದರೂ ಸ್ವಿಚ್ ಸುತ್ತ ಬಣ್ಣದ ಚೌಕ ಹೊಳೆಯುತ್ತಿದೆಯೇ? ತಲೆ ತಿರುಗಿಸಿ ಎರಡೂ ಪಕ್ಕದ ಫಲಕ ನೋಡಿ. ದೃಷ್ಟಿ ದಾರಿ ತಪ್ಪಿದರೆ ನಂಬರ್ ಪ್ಯಾಡ್‌ನ 5 ಒತ್ತಿ ನೇರ ಮಾಡಿಕೊಳ್ಳಿ.
3. ಹೇಳುವ ಮೊದಲೇ ಆ ಸ್ವಿಚ್ ಒತ್ತಿಬಿಟ್ಟಿರಾ? ಹಿಂದಕ್ಕೆ ತಂದು, ಒಂದೆರಡು ಕ್ಷಣ ಬಿಟ್ಟು, ಮತ್ತೆ ಒತ್ತಿ.
4. ಎತ್ತರ, ವೇಗ ಹೇಳಿದ್ದರೆ ಮುಟ್ಟಿದರಷ್ಟೇ ಸಾಲದು, ಕೆಲವೊಮ್ಮೆ ಕೆಲಹೊತ್ತು ಹಿಡಿದಿಡಬೇಕು.
5. ಅಳತೆಯ ಮಾನ ಸರಿಯೇ? ಸು-25ಟಿಯ ಉಪಕರಣಗಳು ಕಿಲೋಮೀಟರ್, ಮೀಟರ್‌ನಲ್ಲಿ. ಮಸ್ಟ್ಯಾಂಗ್‌ನವು ಮೈಲಿ, ಅಡಿಯಲ್ಲಿ.

ಇಷ್ಟಾದರೂ ಒಂದು ನಿಮಿಷ ಕದಲದಿದ್ದರೆ ಮಿಷನ್ ಮತ್ತೆ ಶುರು ಮಾಡಿ. ಮೂರು ಸಲವೂ ಅದೇ ಜಾಗದಲ್ಲಿ ನಿಂತರೆ ದೋಷ ಮಿಷನ್‌ನದ್ದೇ ಇರಬಹುದು. ಅಪ್‌ಡೇಟ್ ಆದ ಮೇಲೆ ಹಳೆಯ ಪಾಠ ಮುರಿದುಬೀಳುವುದು ಅಪರೂಪವಲ್ಲ. ಆಟದ ಕಡತಗಳನ್ನು ಸರಿಪಡಿಸುವ ‘ರಿಪೇರಿ’ ಓಡಿಸಿ ನೋಡಿ, ಆಗಲೂ ನಿಂತರೆ ಆ ಪಾಠ ಬಿಟ್ಟು ಮುಂದೆ ಹೋಗಿ.

ಒಂದು ಕಟ್ಟುನಿಟ್ಟು: ತರಬೇತಿಯಲ್ಲಿ ಎಡ ಕಂಟ್ರೋಲ್ + ಝಡ್ ಒತ್ತಿ ಕಾಲವನ್ನು ಓಡಿಸಬೇಡಿ. ಧ್ವನಿ ಮತ್ತು ಷರತ್ತುಗಳ ನಡುವಿನ ಹೊಂದಿಕೆ ತಪ್ಪುತ್ತದೆ.

## ಹಂತ 5: ಒಂದೇ ಪಾಠ, ಮೂರು ಸುತ್ತು

ಮೊದಲ ಸುತ್ತಿನಲ್ಲಿ ಹೇಳಿದಂತೆ ಮಾಡಿ, ಅಷ್ಟೇ. ಎರಡನೇ ಸುತ್ತಿನಲ್ಲಿ ಪ್ರತಿ ಸೂಚನೆಗೂ ಪಾಸ್ ಕೀ ಒತ್ತಿ ನಿಲ್ಲಿಸಿ, ಯಾವ ಕೀ, ಯಾವ ಮುಳ್ಳು, ಎಷ್ಟು ಎಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಪಾಸ್ ಆದ ಸ್ಥಿತಿಯಲ್ಲಿ ಕಣ್ಣು ಮಾತ್ರ ಓಡಾಡಲಿ, ಸ್ವಿಚ್ ಮುಟ್ಟಬೇಡಿ. ಕೈಬರಹ ಯಾಕೆ ಎಂದರೆ, ಹಾರುವಾಗ ಇನ್ನೊಂದು ಕಿಟಕಿಗೆ ಜಿಗಿದರೆ ವಿಮಾನ ಕೈತಪ್ಪುತ್ತದೆ, ತೊಡೆಯ ಮೇಲಿನ ಪುಟ ತಪ್ಪುವುದಿಲ್ಲ.

ಮೂರನೇ ಸುತ್ತು ತರಬೇತುದಾರನಿಲ್ಲದೆ. ಮಿಷನ್ ಎಡಿಟರ್ ತೆರೆಯಿರಿ, ಕಾಕಸಸ್ ನಕ್ಷೆ ಆರಿಸಿ, ಕಡಲತೀರದ ಬಟುಮಿ ವಿಮಾನ ನಿಲ್ದಾಣದ ಮೇಲೆ ಒಂದು ವಿಮಾನ ಇಡಿ. ಸ್ಕಿಲ್ ಜಾಗದಲ್ಲಿ ‘ಪ್ಲೇಯರ್’, ಮೊದಲ ವೇಪಾಯಿಂಟ್‌ನಲ್ಲಿ (ಹಾದಿಯ ಗುರುತು) ‘ಟೇಕಾಫ್ ಫ್ರಮ್ ರ್‍ಯಾಂಪ್’. ಎಂಜಿನ್ ಆರಿರುವ ವಿಮಾನದೊಳಗೆ ಕೂರುತ್ತೀರಿ. ಗಾಳಿ ಸೊನ್ನೆ ಇರಲಿ. ಬಟುಮಿಯನ್ನೇ ಹೇಳುವುದಕ್ಕೆ ಕಾರಣವಿದೆ: ಕಡಲ ಕಡೆಯಿಂದ 13ನೇ ರನ್‌ವೇಗೆ ಬಂದರೆ ಎದುರು ಅಡ್ಡಿಯಿಲ್ಲ, ಎತ್ತರವೂ ಹೆಚ್ಚುಕಡಿಮೆ ಸಮುದ್ರ ಮಟ್ಟದ್ದೇ. ಬರೆದ ಪಟ್ಟಿ ನೋಡದೆ ಎರಡು ಸಲ ಸರಿಯಾಗಿ ಮಾಡಿದ ಮೇಲೆ ಮುಂದಿನ ಪಾಠ.

## ಹಂತ 6: ಸು-25ಟಿ, ಏಳುವುದು ಮತ್ತು ಇಳಿಯುವುದು

ಮೊದಲಿಗೆ ಈ ವಿಮಾನ ಯಾಕೆಂದರೆ ಮೂತಿಯ ಕೆಳಗೆ ಚಕ್ರವಿದೆ, ನೆಲದ ಮೇಲೆ ನೇರ ಓಡುತ್ತದೆ. ಕಾಕ್‌ಪಿಟ್ ಸ್ವಿಚ್‌ಗಳನ್ನು ಮೌಸ್‌ನಿಂದ ಒತ್ತಲಾಗದು, ಎಲ್ಲವೂ ಕೀಬೋರ್ಡಿನಿಂದ. ಹಾಗಾಗಿ ಗಮನ ಹಾರಾಟದ ಮೇಲೆಯೇ ಇರುತ್ತದೆ.

ಥ್ರಾಟಲ್ ಪೂರ್ತಿ ಹಿಂದಕ್ಕೆ. ಬಲ ಶಿಫ್ಟ್ + ಎಲ್ ಒತ್ತಿ ವಿದ್ಯುತ್ ಹಾಕಿ. ಬಲ ಆಲ್ಟ್ + ಹೋಮ್ ಎಡ ಎಂಜಿನ್‌ಗೆ, ಬಲ ಕಂಟ್ರೋಲ್ + ಹೋಮ್ ಬಲ ಎಂಜಿನ್‌ಗೆ. ಒಂದರ ಸುತ್ತು ಸ್ಥಿರವಾದ ಮೇಲೆಯೇ ಇನ್ನೊಂದು. ವಿದ್ಯುತ್ ಹಾಕದೆ ಹೋಮ್ ಒತ್ತಿ ಏನೂ ಆಗಲಿಲ್ಲ ಎನ್ನುವವರೇ ಹೆಚ್ಚು. ಎಡ ಕಂಟ್ರೋಲ್ + ಸಿ ಮೇಲಿನ ಗಾಜು ಮುಚ್ಚುತ್ತದೆ.

ರನ್‌ವೇ ಕಡೆ ಸಾಗುವಾಗ ನಿಧಾನ. ತಿರುವಿನಲ್ಲಿ ವೇಗ ಹೆಚ್ಚಿದ್ದರೆ ರೆಕ್ಕೆಯ ತುದಿ ನೆಲಕ್ಕೆ ತಾಗುತ್ತದೆ. ಎಫ್ ಒತ್ತಿ ಫ್ಲ್ಯಾಪ್ (ಕಡಿಮೆ ವೇಗದಲ್ಲೂ ಎತ್ತುವ ಬಲ ಕೊಡುವ ರೆಕ್ಕೆಯ ಹಲಗೆ) ಇಳಿಸಿ, ಥ್ರಾಟಲ್ ಪೂರ್ತಿ ಕೊಡಿ, ತರಬೇತುದಾರ ಹೇಳಿದ ವೇಗದಲ್ಲಿ ಹಿಡಿಯನ್ನು ನಿಧಾನವಾಗಿ ಎಳೆಯಿರಿ. ಎದ್ದ ಮೇಲೆ ಜಿ ಒತ್ತಿ ಚಕ್ರ, ಆಮೇಲೆ ಫ್ಲ್ಯಾಪ್. ಕ್ರಮ ತಿರುಗಿಸಬೇಡಿ. ಫ್ಲ್ಯಾಪ್ ಮೊದಲು ಎತ್ತಿದರೆ ವಿಮಾನ ಕೆಳಗೆ ಕುಸಿಯುತ್ತದೆ.

ಇಲ್ಲಿ ಟ್ರಿಮ್ ಕಲಿಯಿರಿ. ಬಲ ಕಂಟ್ರೋಲ್ ಹಿಡಿದು ಅರ್ಧವಿರಾಮದ ಮತ್ತು ಪೂರ್ಣವಿರಾಮದ ಕೀಗಳು ಪಿಚ್ ಟ್ರಿಮ್‌ಗೆ. ಒಂದೊಂದೇ ಸಲ ತಟ್ಟಿ, ಅದುಮಿ ಹಿಡಿಯಬೇಡಿ. ಹಿಡಿಯಿಂದ ಕೈ ತೆಗೆದರೂ ವಿಮಾನ ಹಾದಿ ಬಿಡದಿದ್ದರೆ ಟ್ರಿಮ್ ಸರಿಯಾಗಿದೆ. ಹಿಡಿ ಎಳೆದರೂ ವಿಮಾನ ಮಾತು ಕೇಳದಿದ್ದರೆ ಆಟೋಪೈಲಟ್ ಆನ್ ಉಳಿದಿರಬಹುದು, ಎಡ ಆಲ್ಟ್ + 9 ಒತ್ತಿ ಬಿಡಿಸಿ.

ಇಳಿಯುವಾಗ ಬಹುತೇಕ ಎಲ್ಲರ ತಪ್ಪೂ ಒಂದೇ: ರನ್‌ವೇ ಹತ್ತಿರ ಬಂದ ಮೇಲೆ ವೇಗ ಇಳಿಸಲು ಹೊರಡುವುದು. ರನ್‌ವೇಗೆ ಹತ್ತು ಕಿಲೋಮೀಟರ್ ಇರುವಾಗಲೇ ಚಕ್ರ, ಫ್ಲ್ಯಾಪ್ ಇಳಿದಿರಬೇಕು, ವೇಗ ನೆಲೆ ನಿಂತಿರಬೇಕು. ಮೂತಿಯಿಂದ ವೇಗ, ಥ್ರಾಟಲ್‌ನಿಂದ ಇಳಿಯುವ ದರ, ಈ ಹಂಚಿಕೆ ನೆನಪಿಡಿ. ರೆಕ್ಕೆಯಲ್ಲಿ ಬಾಂಬು ಉಳಿದಿದ್ದರೆ ಇಳಿಯುವ ವೇಗ ಹೆಚ್ಚಬೇಕು. ಚಕ್ರ ನೆಲ ಮುಟ್ಟಿದ ಮೇಲೆ ಪಿ ಒತ್ತಿ ಪ್ಯಾರಾಚೂಟ್ ಬಿಚ್ಚಿ, ವೇಗ ಇಳಿದ ಮೇಲೆ ಡಬ್ಲ್ಯು ಒತ್ತಿ ಬ್ರೇಕ್. ಮೊದಲೇ ಬ್ರೇಕ್ ಅದುಮಿದರೆ ಟೈರು ಸಿಡಿಯುತ್ತದೆ.

ಕೊನೆಯ ಒಂದು ಕಿಲೋಮೀಟರಿನಲ್ಲಿ ರನ್‌ವೇ ಗಾಜಿನಲ್ಲಿ ಮೇಲೆ ಮೇಲೆ ಸರಿಯುತ್ತಿದ್ದರೆ ನೀವು ಮೊದಲೇ ನೆಲಕ್ಕೆ ಬೀಳುತ್ತೀರಿ. ಕೆಳಕ್ಕೆ ಸರಿದರೆ ದಾಟಿ ಹೋಗುತ್ತೀರಿ. ಒಂದೇ ಜಾಗದಲ್ಲಿ ನಿಂತು ದೊಡ್ಡದಾಗುತ್ತಿದ್ದರೆ ಹಾದಿ ಸರಿ. ಅನುಮಾನ ಬಂದರೆ ಥ್ರಾಟಲ್ ಪೂರ್ತಿ ಕೊಟ್ಟು ಮತ್ತೊಂದು ಸುತ್ತು ಬನ್ನಿ. ಸುತ್ತು ಬರುವುದು ಸೋಲಲ್ಲ, ಅದೂ ಕಲಿಯಬೇಕಾದ ವಿದ್ಯೆಯೇ.

## ಹಂತ 7: ಮಸ್ಟ್ಯಾಂಗ್, ಎಂಜಿನ್ ಮತ್ತು ಬಲಗಾಲು

ಇಲ್ಲಿ ಸ್ವಿಚ್‌ಗಳನ್ನು ಮೌಸ್‌ನಿಂದಲೇ ಒತ್ತಬಹುದು. ಸ್ಟಾರ್ಟರ್‌ನಂಥವು ಸ್ಪ್ರಿಂಗ್ ಸ್ವಿಚ್‌ಗಳು. ಒತ್ತಿ ಬಿಟ್ಟರೆ ಸಾಲದು, ಅದುಮಿ ಹಿಡಿಯಬೇಕು. ಎಂಜಿನ್ ಸಿಡಿದು ಹತ್ತಿಕೊಂಡ ಕೂಡಲೇ ಮಿಕ್ಸ್ಚರ್ (ಇಂಧನ-ಗಾಳಿಯ ಮಿಶ್ರಣದ) ಹಿಡಿಕೆಯನ್ನು ‘ರನ್’ಗೆ ತನ್ನಿ. ತಡವಾದರೆ ಆರಿಹೋಗುತ್ತದೆ. ಮೂವತ್ತು ಸೆಕೆಂಡಿನೊಳಗೆ ಎಣ್ಣೆಯ ಒತ್ತಡ 50ಕ್ಕೆ ಏರದಿದ್ದರೆ ಎಂಜಿನ್ ನಿಲ್ಲಿಸಿ. ಏರಿದರೆ ನಿಮಿಷಕ್ಕೆ 1,300 ಸುತ್ತಿನ ಆಸುಪಾಸಿನಲ್ಲಿ ಬಿಸಿಯಾಗಲು ಬಿಡಿ. ತಣ್ಣನೆಯ ಎಂಜಿನ್‌ಗೆ ಪೂರ್ತಿ ಥ್ರಾಟಲ್ ಕೊಟ್ಟು ಕೆಡಿಸಿಕೊಂಡವರೇ ಬಹಳ.

ಬಾಲದ ಚಕ್ರದ ಗುಟ್ಟು: ಹಿಡಿ ಹಿಂದಕ್ಕೆ ಎಳೆದಿದ್ದರೆ ಚಕ್ರ ಬೀಗ ಬಿದ್ದು, ರಡ್ಡರ್ ಜೊತೆ ಎಡ-ಬಲಕ್ಕೆ 6 ಡಿಗ್ರಿಯಷ್ಟೇ ತಿರುಗುತ್ತದೆ. ಪೂರ್ತಿ ಮುಂದಕ್ಕೆ ತಳ್ಳಿದರೆ ಬೀಗ ಬಿಚ್ಚುತ್ತದೆ. ಬಿಗಿ ತಿರುವಿಗೆ ಮುಂದಕ್ಕೆ, ಮಿಕ್ಕ ಹೊತ್ತಿಗೆ ಹಿಂದಕ್ಕೆ. ಟೇಕಾಫ್ ಶುರುವಾಗುವ ಮೊದಲು ಒಂದೆರಡು ಮೀಟರ್ ನೇರ ಸಾಗಿ ನಿಲ್ಲಿ, ಬಾಲ ನೆಟ್ಟಗಾಗುತ್ತದೆ.

ರಡ್ಡರ್ ಟ್ರಿಮ್ ಬಲಕ್ಕೆ 6 ಡಿಗ್ರಿ. ಹಿಡಿ ಹಿಂದಕ್ಕೆ. ಪ್ರೊಪೆಲ್ಲರ್ ಹಿಡಿಕೆ ಪೂರ್ತಿ ಮುಂದೆ, 3,000 ಸುತ್ತಿಗೆ. ಈಗ ಥ್ರಾಟಲನ್ನು ಹತ್ತು ಎಣಿಸುವಷ್ಟು ಹೊತ್ತು ತೆಗೆದುಕೊಂಡು ಏರಿಸಿ. ಮ್ಯಾನಿಫೋಲ್ಡ್ ಮುಳ್ಳು (ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡವನ್ನು ಇಂಚಿನಲ್ಲಿ ತೋರಿಸುವುದು) 30 ದಾಟುತ್ತಿದ್ದಂತೆ ಮೂತಿ ಎಡಕ್ಕೆ ಎಳೆಯುತ್ತದೆ. ಎಳೆದ ಮೇಲೆ ತಿದ್ದಿದರೆ ತಡ, ಥ್ರಾಟಲ್ ಏರಿದಷ್ಟೂ ಬಲ ರಡ್ಡರ್ ಜೊತೆಜೊತೆಗೆ ಏರಬೇಕು. ಕಲಿಯುವವರಿಗೆ 46 ಇಂಚು ಸಾಕು, 61 ಇಂಚು ಬೇಡ. ಬಾಲ ತಾನೇ ಹಗುರಾಗುವವರೆಗೆ ಹಿಡಿ ಮುಂದೆ ತಳ್ಳಬೇಡಿ. ಅವಸರದಲ್ಲಿ ತಳ್ಳಿದರೆ ಚಕ್ರದ ಬೀಗ ಬಿಚ್ಚಿ ವಿಮಾನ ಬುಗುರಿಯಂತೆ ತಿರುಗಿಬಿಡುತ್ತದೆ.

ಗಾಳಿಯಲ್ಲಿ ಶಕ್ತಿ ಹೆಚ್ಚಿಸುವಾಗ ಮೊದಲು ಸುತ್ತು, ಆಮೇಲೆ ಮ್ಯಾನಿಫೋಲ್ಡ್. ಇಳಿಸುವಾಗ ಮೊದಲು ಮ್ಯಾನಿಫೋಲ್ಡ್, ಆಮೇಲೆ ಸುತ್ತು. ತಿರುಗುಮುರುಗು ಮಾಡಿದರೆ ಎಂಜಿನ್ ಮೇಲೆ ಹೊರೆ ಬೀಳುತ್ತದೆ. ಚಕ್ರ ಇಳಿಸುವುದು 170 ಮೈಲಿ ವೇಗಕ್ಕಿಂತ ಕೆಳಗೆ. ಇಳಿಜಾರಿನ ಕೊನೆಗೆ 120ರ ಆಸುಪಾಸು. ನೆಲ ಮುಟ್ಟಿದ ಮೇಲೆ ಹಿಡಿಯನ್ನು ಹೊಟ್ಟೆಗೆ ಎಳೆದುಕೊಂಡು, ವಿಮಾನ ಪೂರ್ತಿ ನಿಲ್ಲುವವರೆಗೂ ರಡ್ಡರ್ ಬಿಡಬೇಡಿ.

## ಹಂತ 8: ಸು-25ಟಿಯ ಆಯುಧ ಪಾಠ

ವಿಖ್ರ್ ಕ್ಷಿಪಣಿಯೊಂದನ್ನೇ ಮೊದಲು ಕಲಿಯಿರಿ. 7 ಒತ್ತಿ ನೆಲದ ದಾಳಿಯ ಸ್ಥಿತಿ, ಓ ಒತ್ತಿ ಶ್ಕ್ವಾಲ್ ಟಿವಿ ಕ್ಯಾಮೆರಾ, ಡಿ ಒತ್ತುತ್ತ ಆಯುಧದ ಆಯ್ಕೆ. ಗುರಿಯ ಮೇಲೆ ಚೌಕ ತಂದು ಎಂಟರ್. ಚೌಕ ಕಚ್ಚಿಕೊಳ್ಳದಿದ್ದರೆ ಗುರಿಯ ಗಾತ್ರದ ಅಳತೆ ಹೊಂದಿಲ್ಲ ಅಥವಾ ದೂರ ಹೆಚ್ಚಾಗಿದೆ. ಬಲ ಶಿಫ್ಟ್ + ಓ ಲೇಸರ್ ಹಾಕುತ್ತದೆ. ಅದನ್ನು ಗುರಿ ಹತ್ತಿರವಾದಾಗ ಮಾತ್ರ ಹಾಕಿ, ಹಾರಿಸಿಯಾದ ಮೇಲೆ ಆರಿಸಿ, ಹೊತ್ತು ಮೀರಿದರೆ ಬಿಸಿಯಾಗುತ್ತದೆ. ಉಡಾವಣೆಯ ಅನುಮತಿಯ ಗುರುತು ಎದುರು ಗಾಜಿನಲ್ಲಿ ಬರುವವರೆಗೆ ಕಾಯಿರಿ.

ಹಾರಿಸಿದೊಡನೆ ತಿರುಗಿ ಓಡಬೇಡಿ. ವಿಖ್ರ್ ಲೇಸರ್ ಕಿರಣದೊಳಗೇ ಸಾಗುತ್ತದೆ. ಕ್ಷಿಪಣಿ ಗುರಿ ತಲುಪುವವರೆಗೆ ವಿಮಾನ ಅದರ ಕಡೆಗೇ ಸ್ಥಿರವಾಗಿರಬೇಕು. ದಾಳಿಗೆ ಮೊದಲು ಟ್ರಿಮ್ ಮಾಡಿರದವರ ಕ್ಷಿಪಣಿ ಬಯಲಿಗೆ ಬೀಳುವುದು ಇದೇ ಕಾರಣಕ್ಕೆ. ಆಯುಧದ ಪಾಠವನ್ನು ಆರನೇ ಹಂತದ ನಂತರವೇ ಇಟ್ಟಿರುವುದೂ ಇದಕ್ಕೇ.

## ಹಂತ 9: ಆಮೇಲೆ ದೊಡ್ಡ ವಿಮಾನ

ಸ್ಟೀಮ್ ಎಂಬ ಆಟದಂಗಡಿಯದಲ್ಲದ, ಆಟದ ತಯಾರಕರಾದ ಈಗಲ್ ಡೈನಮಿಕ್ಸ್‌ನ ನೇರ ಆವೃತ್ತಿಯಲ್ಲಿ ಬಹಳಷ್ಟು ವಿಮಾನಗಳನ್ನು 14 ದಿನ ಉಚಿತವಾಗಿ ಪರೀಕ್ಷಿಸಬಹುದು. ಶುರು ಮಾಡಿದ ದಿನದಿಂದ ದಿನ ಎಣಿಕೆ ಓಡುತ್ತದೆ. ಹಾಗಾಗಿ ಮೇಲಿನದೆಲ್ಲ ಮುಗಿದ ಮೇಲೆ, ಎರಡು ವಾರ ಸಂಜೆ ಬಿಡುವಿರುವಾಗ ಶುರು ಮಾಡಿ.

ಎಫ್/ಎ-18ಸಿ ಹಾರ್ನೆಟ್ ಆರಿಸಿದರೆ ಎಂಜಿನ್ ಶುರು ಮಾಡುವ ಪಾಠದಲ್ಲಿ ಎರಡು ಕಡೆ ಜನ ಸಿಕ್ಕಿಕೊಳ್ಳುತ್ತಾರೆ. ಬಲ ಎಂಜಿನ್ ತಿರುಗಿ ಸುಮಾರು 25 ಶೇಕಡಾ ಮುಟ್ಟಿದಾಗ ಥ್ರಾಟಲನ್ನು ‘ಆಫ್’ನಿಂದ ‘ಐಡಲ್’ಗೆ ತರಬೇಕು. ಜಾಯ್‌ಸ್ಟಿಕ್‌ನ ಥ್ರಾಟಲ್ ಪಟ್ಟಿ ಸರಿಸಿದರೆ ಅದು ಆಗುವುದಿಲ್ಲ, ಬಲ ಶಿಫ್ಟ್ + ಹೋಮ್ ಒತ್ತಬೇಕು. ಎಡ ಎಂಜಿನ್‌ಗೆ ಬಲ ಆಲ್ಟ್ + ಹೋಮ್. ಇನ್ನೊಂದು, ವಿಮಾನ ಇರುವ ಜಾಗ, ದಿಕ್ಕು ಲೆಕ್ಕಹಾಕುವ ಐಎನ್‌ಎಸ್ ವ್ಯವಸ್ಥೆಯ ಗುಬುಟನ್ನು ನೆಲದ (‘ಜಿಎನ್‌ಡಿ’) ಸ್ಥಾನಕ್ಕೆ ತಿರುಗಿಸಿದ ಮೇಲೆ ಪಾರ್ಕಿಂಗ್ ಬ್ರೇಕ್ ಬಿಡಬಾರದು. ಪರದೆಯಲ್ಲಿ ಅಂಕಿ ಇಳಿಯುತ್ತ 0.5ಕ್ಕೆ ಬಂದು ಪಕ್ಕದಲ್ಲಿ ಓಕೆ ಮೂಡುವವರೆಗೆ ವಿಮಾನ ಒಂದಡಿಯೂ ಕದಲದಿರಲಿ.